ಎಫ್‌ಎಫ್‌ಎ ಪಾಠ: ಮಕ್ಕಳು ತೂಕಡಿಸದ ಹಾಗೆ ಹೇಗೆ ಹೇಳಿಕೊಡೋದು?

ಗೋವಿನಜೋಳ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಓದಿದವಳು. ಈಗ ಅಮೆರಿಕದ ನೆಬ್ರಾಸ್ಕಾದಲ್ಲಿ ಒಂದು ಸಣ್ಣ ಊರಿನ ಹೈಸ್ಕೂಲಿಗೆ ಕೃಷಿ ಟೀಚರ್. ಇದು ಮೊದಲ ವರ್ಷ. ಇಲ್ಲಿ ಕೃಷಿ ಪಾಠದ ಜೊತೆಗೆ ಎಫ್‌ಎಫ್‌ಎ ಅಂತ ಒಂದು ವಿದ್ಯಾರ್ಥಿ ಸಂಘಟನೆ ಇದ್ದೇ ಇರುತ್ತದೆ. ಮೊದಲು 'ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ' ಅನ್ನುತ್ತಿದ್ದರು. 1988ರಲ್ಲಿ ಹೆಸರು 'ನ್ಯಾಷನಲ್ ಎಫ್‌ಎಫ್‌ಎ ಆರ್ಗನೈಸೇಶನ್' ಆಯಿತು. ಶಾಲೆಯ ಶಾಖೆಗೆ ಚಾಪ್ಟರ್ ಅಂತಾರೆ. ದೇಶದಲ್ಲಿ ಒಟ್ಟು ಸದಸ್ಯರು 10 ಲಕ್ಷ ದಾಟಿದ್ದಾರೆ.

ಒಂಬತ್ತನೇ ಕ್ಲಾಸಿಗೆ ಇದರ ಇತಿಹಾಸ, ಲಾಂಛನ, ಪ್ರಶಸ್ತಿಗಳನ್ನು ನಾನೇ ಪರಿಚಯ ಮಾಡಿಕೊಡಬೇಕು. ಹೋದ ವಾರ 40 ಸ್ಲೈಡ್ ಮಾಡಿಕೊಂಡು ಹೋದೆ. 1917ರ ಸ್ಮಿತ್-ಹ್ಯೂಸ್ ಕಾಯ್ದೆ, ಅದರಿಂದ ಹೈಸ್ಕೂಲುಗಳಲ್ಲಿ ಕೃಷಿ ಪಾಠಕ್ಕೆ ಸರ್ಕಾರದ ದುಡ್ಡು. 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ 18 ರಾಜ್ಯಗಳಿಂದ 33 ಹುಡುಗರು ಸೇರಿ ಸಂಘಟನೆ ಶುರು. 1950ರಲ್ಲಿ ಕಾಂಗ್ರೆಸ್ಸಿನ, ಅಂದರೆ ಇಲ್ಲಿನ ಸಂಸತ್ತಿನ, ಮಾನ್ಯತೆ. ಅಲ್ಲಿಗೆ ಬರುವಷ್ಟರಲ್ಲಿ ಅರ್ಧ ಕ್ಲಾಸ್ ನಿದ್ದೆ. ಒಬ್ಬ ಎದ್ದು "ಇದು ಟೆಸ್ಟಿಗೆ ಬರುತ್ತಾ?" ಅಂದ. ನಿಜ ಹೇಳಬೇಕೆಂದರೆ ನನಗೂ ಬೋರ್ ಹೊಡೆದಿತ್ತು.

ಈ ಮಕ್ಕಳ ಅಜ್ಜಂದಿರೇ ಎಫ್‌ಎಫ್‌ಎ ಸದಸ್ಯರ ಆ ನೀಲಿ ಜಾಕೆಟ್ ಹಾಕಿದವರು. ನಾನು ಹೊರಗಿನವಳು, ಎಲ್ಲಾ ಓದಿ ತಿಳಿದುಕೊಂಡದ್ದು. ಇಲ್ಲಿ ಯಾರಾದರೂ ಇದನ್ನು ಕಲಿಸಿದವರು ಇದ್ದೀರಾ? ಇನ್ನೊಂದು, ಲಾಂಛನದಲ್ಲಿ ಗೂಬೆ ಇದೆ! ಅದು ಜ್ಞಾನದ ಗುರುತಂತೆ. ಹೇಳುವಾಗ ಪ್ರತಿ ಸಲ ನನಗೆ ನಗು ಬರುತ್ತದೆ.

ಹುಣಸೂರು ಮೇಷ್ಟ್ರು:

ಮೇಡಂ, ನಾನು ಕ್ಯಾಲಿಫೋರ್ನಿಯಾದಲ್ಲಿ 11 ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದೇನೆ. ಮೊದಲು ಆ 40 ಸ್ಲೈಡ್ ಅಳಿಸಿಹಾಕಿ.

ನೀವಿರುವುದು ನೆಬ್ರಾಸ್ಕಾ. ನಿಮ್ಮ ಹೆಸರೇ ಗೋವಿನಜೋಳ (ನಮ್ಮ ಕಡೆ ಮುಸುಕಿನ ಜೋಳ). ಯಾರದಾದರೂ ಹೊಲದಿಂದ ಒಣಗಿದ ತೆನೆ ತರಿಸಿ, ಇಬ್ಬಿಬ್ಬರಿಗೆ ಒಂದೊಂದು ಕೊಡಿ. ನಡುವೆ ಮುರಿಯಲಿ. ಮುರಿದ ಮುಖ ನೋಡಲಿ. ಸುತ್ತ ಕಾಳು, ಮಧ್ಯೆ ಬೆಂಡು. ಎಫ್‌ಎಫ್‌ಎ ಲಾಂಛನದ ಹೊರಗಿನ ಆಕಾರ ಅದೇ. ನೂರು ಸಲ ಆ ಚಿತ್ರ ನೋಡಿದ ಮಕ್ಕಳಿಗೂ ಅದು ಅಡ್ಡ ಕತ್ತರಿಸಿದ ತೆನೆ ಅಂತ ಹೊಳೆದಿರುವುದಿಲ್ಲ. ಕಾಳಿನ ಸಾಲು ಎಣಿಸಲು ಹೇಳಿ. 14, 16, 18, ಹೀಗೆ ಸರಿಸಂಖ್ಯೆಯೇ ಬರುತ್ತದೆ. ಗಲಾಟೆ ಶುರುವಾಗುತ್ತದೆ, ಆಗಲಿ ಬಿಡಿ. ಆಮೇಲೆ ತೆನೆಯೇ ಯಾಕೆ ಅಂತ ಕೇಳಿ. ಎಲ್ಲಾ ರಾಜ್ಯಗಳಲ್ಲೂ ಬೆಳೆಯುವ ಬೆಳೆ, ಅದಕ್ಕೇ ಒಗ್ಗಟ್ಟಿನ ಗುರುತು. ಉದಯಿಸುವ ಸೂರ್ಯ, ನೇಗಿಲು, ಹದ್ದು ಇವೆಲ್ಲ ಅವರೇ ಹೇಳುತ್ತಾರೆ, ಜಾಸ್ತಿ ಹೊತ್ತು ಬೇಡ.

ಗೂಬೆ ವಿಷಯಕ್ಕೆ ನಗು ತಡೆಯಬೇಡಿ. ನಮ್ಮೂರಲ್ಲಿ ಗೂಬೆ ಅಂದರೆ ಬೈಗುಳ ಅಂತ ಹೇಳಿಬಿಡಿ. ಒಂದೇ ಹಕ್ಕಿ, ಎರಡು ಕಡೆ ಎರಡು ಅರ್ಥ ಅಂತ ಗೊತ್ತಾದರೆ ಅವರು ಅದನ್ನು ಮರೆಯುವುದೇ ಇಲ್ಲ. ಚಾಪ್ಟರ್ ಸಭೆಯಲ್ಲಿ ಈ ಗುರುತುಗಳನ್ನು ಇಟ್ಟಿರುತ್ತಾರಲ್ಲ, ಅಧ್ಯಕ್ಷ ಕೂರುವುದು ಸೂರ್ಯನ ಬಳಿ, ಉಪಾಧ್ಯಕ್ಷ ನೇಗಿಲ ಬಳಿ, ಕಾರ್ಯದರ್ಶಿ ತೆನೆಯ ಬಳಿ. ಗೂಬೆಯ ಪಕ್ಕ ಯಾರು ಗೊತ್ತಲ್ವಾ? ಸಲಹೆಗಾರರು, ಅಂದರೆ ನಾವು ಮೇಷ್ಟ್ರುಗಳೇ!

ಇತಿಹಾಸದಲ್ಲಿ ಒಂದನ್ನು ಮಾತ್ರ ಅವಸರದಲ್ಲಿ ದಾಟಬೇಡಿ. 1935ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ಜನಾಂಗದ ಹುಡುಗರಿಗೆ 'ನ್ಯೂ ಫಾರ್ಮರ್ಸ್ ಆಫ್ ಅಮೆರಿಕ' ಅಂತ ಬೇರೆಯೇ ಸಂಘಟನೆ ಆಯಿತು. ದಕ್ಷಿಣದ ರಾಜ್ಯಗಳಲ್ಲಿ ಶಾಲೆಗಳೇ ಬೇರೆ ಬೇರೆ ಇದ್ದವಲ್ಲ. ಅವರ ಜಾಕೆಟ್ ಕಪ್ಪು-ಚಿನ್ನದ ಬಣ್ಣ. ಲಾಂಛನದಲ್ಲಿ ತೆನೆಯ ಜಾಗದಲ್ಲಿ ಹತ್ತಿಕಾಯಿ. 1965ರಲ್ಲಿ ಎರಡೂ ಸೇರಿದವು. ಸೇರಿದವು ಅಂತ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ಆದರೆ ಉಳಿದದ್ದು ನೀಲಿ ಜಾಕೆಟ್ ಮತ್ತು ತೆನೆ. ಕಪ್ಪು ಜಾಕೆಟ್ಟೂ ಹತ್ತಿಕಾಯಿಯೂ ಹೋದವು. ಹುಡುಗಿಯರಿಗೆ ರಾಷ್ಟ್ರಮಟ್ಟದಲ್ಲಿ ಬಾಗಿಲು ತೆರೆದದ್ದು 1969ರಲ್ಲಿ. "1960ರಲ್ಲಿ ಈ ಕ್ಲಾಸಿನ ಯಾರ್ಯಾರಿಗೆ ಈ ಜಾಕೆಟ್ ಸಿಗುತ್ತಿರಲಿಲ್ಲ?" ಅಂತ ಕೇಳಿ ಸುಮ್ನೆ ನಿಂತುಬಿಡಿ. ನಾನು ಕೇಳಿದಾಗ ಒಬ್ಬಳು, "ಸರ್, ನಮ್ಮ ಚಾಪ್ಟರ್ ಅಧ್ಯಕ್ಷೆಗೇ ಸಿಗ್ತಿರಲಿಲ್ಲ" ಅಂದಳು. ಹೊರಗಿನವಳು ಅಂತ ಹಿಂಜರಿಯಬೇಡಿ. ಈ ಪ್ರಶ್ನೆ ಕೇಳಲು ಹೊರಗಿನವರಿಗೇ ಸಲೀಸು.

ಕೋಳಿಗೂಡಿನ ಅಪ್ಪ:

ನಾನು ಟೀಚರ್ ಅಲ್ಲ, ಅಯೋವಾದಲ್ಲಿ ಸಾಫ್ಟ್‌ವೇರ್ ಕೆಲಸ. ಮಗಳು ಎಫ್‌ಎಫ್‌ಎಯಲ್ಲಿದ್ದಾಳೆ. ಪ್ರಶಸ್ತಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೀತಿದ್ದೇನೆ.

ಇಲ್ಲಿ ಮೆಟ್ಟಿಲುಗಳಿವೆ, ಅದಕ್ಕೇ ಡಿಗ್ರಿ ಅಂತಾರೆ (ಕಾಲೇಜಿನ ಡಿಗ್ರಿ ಅಲ್ಲ). ಹೊಸಬರಿಗೆ ಗ್ರೀನ್‌ಹ್ಯಾಂಡ್ ಡಿಗ್ರಿ, ಕಂಚಿನ ಪಿನ್. ಆಮೇಲೆ ಚಾಪ್ಟರ್ ಡಿಗ್ರಿಗೆ ಬೆಳ್ಳಿ ಪಿನ್. ಸ್ಟೇಟ್ ಡಿಗ್ರಿಗೆ ಚಿನ್ನದ ಬಣ್ಣದ ಪದಕ. ಕೊನೆಯದು ಅಮೆರಿಕನ್ ಡಿಗ್ರಿ, ಚಿನ್ನದ ಬಣ್ಣದ ಕೀಲಿಕೈ. ಅಲ್ಲಿಗೆ ತಲುಪುವವರು ನೂರಕ್ಕೆ ಒಬ್ಬರೂ ಇಲ್ಲ. ಪಿನ್ ನೋಡಿ ನಾನೂ ಇದು ನಮ್ಮ ಶಾಲೆಯ ಬಹುಮಾನದ ಥರ ಅಂದುಕೊಂಡಿದ್ದೆ. ಅಲ್ಲ. ಎಲ್ಲಾ ನಿಂತಿರುವುದು ಲೆಕ್ಕದ ಪುಸ್ತಕದ ಮೇಲೆ. ಪ್ರತಿ ಮಗುವೂ ಕ್ಲಾಸಿನ ಹೊರಗೆ ಸ್ವಂತವಾಗಿ ಏನಾದರೂ ಮಾಡಬೇಕು. ಇವಳದ್ದು 12 ಕೋಳಿ. ಚಾಪ್ಟರ್ ಡಿಗ್ರಿಗೆ 150 ಡಾಲರ್ ದುಡಿದಿರಬೇಕು, ಇಲ್ಲಾ 45 ಗಂಟೆ ಕೆಲಸ ಮಾಡಿರಬೇಕು.

ಒಂದು ದಿನ ಮೇವಿನ ಚೀಲ ನಾನೇ ತಂದು ಹಾಕಿದೆ. ಮಗಳು ರಸೀದಿ ಕೇಳಿದಳು. "ಅಪ್ಪಾ, ನೀನು ಕೊಟ್ಟರೂ ಅದು ಖರ್ಚಿಗೇ ಬರೀಬೇಕು, ಇಲ್ಲಾಂದ್ರೆ ಲಾಭ ಸುಳ್ಳಾಗುತ್ತೆ" ಅಂದಳು. ಚಿಂತಾಮಣಿಯಲ್ಲಿ ನಮ್ಮಪ್ಪ ಮೂವತ್ತು ವರ್ಷ ಟೊಮೆಟೊ ಬೆಳೆದರು, ಮನೆಯವರ ಕೂಲಿಯನ್ನು ಒಂದು ಸಲವೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮೇಡಂ, ಪಿನ್ ತೋರಿಸುವ ಮೊದಲು ದೊಡ್ಡ ಕ್ಲಾಸಿನವರ ಒಂದು ಲೆಕ್ಕದ ಪುಸ್ತಕ ತೋರಿಸಿ. ಸತ್ತ ಕೋಳಿಯ ಎಂಟ್ರಿ ಇದ್ದರೆ ಇನ್ನೂ ಒಳ್ಳೇದು.

ಹುಣಸೂರು ಮೇಷ್ಟ್ರು:

ಕೋಳಿ ಸರ್ ಹೇಳಿದ್ದು ಸರಿ. ಜಾಕೆಟ್ ಕಥೆ ಬಿಟ್ಟೆ ನೋಡಿ. ಅದು ಶುರುವಾದದ್ದು ಓಹಾಯೋದ ಫ್ರೆಡರಿಕ್‌ಟೌನ್ ಚಾಪ್ಟರಿನಿಂದ. 1933ರ ರಾಷ್ಟ್ರೀಯ ಸಮಾವೇಶದಲ್ಲಿ ಆ ನೀಲಿ ಕಾರ್ಡುರಾಯ್ ಜಾಕೆಟ್ ಎಲ್ಲರ ಕಣ್ಣಿಗೆ ಬಿತ್ತು, ಅದೇ ಅಧಿಕೃತ ಆಯಿತು. ಯಾರ ಅಜ್ಜನ ಹಳೇ ಜಾಕೆಟ್ ಸಿಕ್ಕರೂ ಕ್ಲಾಸಿಗೆ ತರಿಸಿ.

ಗೋವಿನಜೋಳ:

ಇವತ್ತು ಪಾಠ ಮಾಡಿ ಬಂದೆ. ತೆನೆ ಮುರಿದು ನೆಲವೆಲ್ಲ ಕಾಳು, ಗುಡಿಸುವವರ ಹತ್ತಿರ ಬೈಸಿಕೊಂಡೆ. ಸಾಲು ಎಣಿಸುವಾಗ ಒಬ್ಬ 15 ಬಂತು ಅಂತ ಹಟ ಹಿಡಿದ, ಮೂರು ಸಲ ಎಣಿಸಿ 16ಕ್ಕೆ ಒಪ್ಪಿಕೊಂಡ. ಹೋದ ವಾರ ಟೆಸ್ಟ್ ಕೇಳಿದವನೇ ಅಜ್ಜನ ಜಾಕೆಟ್ ತಂದಿದ್ದ. ಬೆನ್ನಿನ ಮೇಲೆ ಈಗ ಮುಚ್ಚಿಹೋದ ಪಕ್ಕದೂರಿನ ಚಾಪ್ಟರ್ ಹೆಸರು. ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು. 1960ರ ಪ್ರಶ್ನೆ ಕೇಳಿದಾಗ ಹುಡುಗಿಯರೆಲ್ಲ ಕೈ ಎತ್ತಿದರು. ಒಬ್ಬ ಹುಡುಗ ನನ್ನ ಕಡೆ ನೋಡಿ, "ನಿಮಗೂ ಸಿಗ್ತಿರಲಿಲ್ಲ ಅಲ್ವಾ?" ಅಂದ.

ಸಭೆಗೆ ಅಂತ ಮರದ ಗೂಬೆ ಬೊಂಬೆಯೂ ಬಂದಿದೆ. ವಿಡಿಯೋ ಕಾಲಲ್ಲಿ ಅವ್ವಗ ತೋರಿಸಿದೆ. "ಗೂಗಿನಾ? ಸಾಲ್ಯಾಗ ಇಡು. ಮನೀಗಿ ಮಾತ್ರ ತರಬ್ಯಾಡ" ಅಂದಳು.