ಪದಚರ್ಚೆ: ಕಚ್ಚಿಕೊಂಡ ಸೆಂಟರ್ ಕ್ಯಾಪನ್ನು ‘ಕೀಳುವುದಾ’, ‘ಮೀಟುವುದಾ’, ‘ದೂಡುವುದಾ’?

ಎಲ್ಲರಿಗೂ ನಮಸ್ಕಾರ.

ಕಾರಿನ ಸಣ್ಣಪುಟ್ಟ ಕೆಲಸಗಳನ್ನು ತಾವೇ ಮಾಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರ ಒಂದು ಅಧ್ಯಾಯ ಪದಗಳಿಗಾಗಿ ನಿಂತುಬಿಟ್ಟಿದೆ. ಚಕ್ರದ ನಟ್ಟನಡುವೆ ಕಂಪನಿಯ ಗುರುತು ಇರುವ ದುಂಡನೆಯ ಮುಚ್ಚಳ ಇರುತ್ತದಲ್ಲ, ಅದು ಜಪ್ಪಯ್ಯ ಅಂದರೂ ಬಾರದಿದ್ದಾಗ ಚಕ್ರಕ್ಕೆ ಒಂದು ಗೀರೂ ಬೀಳದ ಹಾಗೆ ಬಿಡಿಸುವುದು ಹೇಗೆ ಅನ್ನುವುದು ವಿಷಯ. ಕೆಲಸ ಗೊತ್ತಿದೆ. ಅದನ್ನು ಹೇಳುವ ಕ್ರಿಯಾಪದ ಯಾವುದು ಅನ್ನುವುದೇ ನನ್ನ ಪ್ರಶ್ನೆ. ‘ತೆಗೆಯಿರಿ’ ಅಂತ ಬರೆದರೆ ವ್ಯಾಕರಣಕ್ಕೆ ಏನೂ ತೊಂದರೆ ಇಲ್ಲ. ಆದರೆ ಓದಿದವರು ಕೈಗೆ ಸಿಕ್ಕ ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಎತ್ತಲು ಹೋಗುತ್ತಾರೆ, ಅಲ್ಲಿಗೆ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ಚಕ್ರದ ಅಂಚು ಮುಕ್ಕಾಗುತ್ತದೆ. ಆ ಮುಕ್ಕಿನಲ್ಲಿ ನೀರು ಇಳಿದು ಮೇಲಿನ ಲ್ಯಾಕರ್, ಅಂದರೆ ಬಣ್ಣ ಕಾಯುವ ತಿಳಿ ಲೇಪದ ಪದರ, ಮೆಲ್ಲಗೆ ಏಳತೊಡಗುತ್ತದೆ. ಹಾಗಾಗಿ ಇಲ್ಲಿ ಕ್ರಿಯಾಪದ ಸುಮ್ನೆ ಅಲಂಕಾರಕ್ಕಲ್ಲ, ಅದೇ ಅರ್ಧ ಸೂಚನೆ.

ಮೊದಲು ನಾಮಪದ ಮುಗಿಸಿಬಿಡೋಣ. ಜನ ‘ವೀಲ್ ಕ್ಯಾಪ್’ ಅಂತ ಹೇಳುವುದು ಜಾಸ್ತಿ ಸಲ ಸ್ಟೀಲ್ ರಿಮ್ ಪೂರ್ತಿ ಮುಚ್ಚುವ ದೊಡ್ಡ ಪ್ಲಾಸ್ಟಿಕ್ ತಟ್ಟೆಗೆ. ನಾನು ಕೇಳುತ್ತಿರುವುದು ಅದಲ್ಲ, ಚಕ್ರದ ನಡುವಿನ ತೂತನ್ನು ಮಾತ್ರ ಮುಚ್ಚುವ ಸೆಂಟರ್ ಕ್ಯಾಪ್. ಇದರ ಹಿಂದೆ ಇನ್ನೊಂದು ಇರಬಹುದು. ಕೆಲವು ಕಾರುಗಳಲ್ಲಿ ಹಬ್‌ನ (ಚಕ್ರವನ್ನು ಕೂರಿಸುವ ನಡುಭಾಗದ) ತುದಿಗೆ ತಗಡಿನ ಒಂದು ಬಟ್ಟಲನ್ನು ಬಡಿದು ಕೂರಿಸಿರುತ್ತಾರೆ, ಬೇರಿಂಗ್‌ಗೆ ಧೂಳು, ನೀರು ಹೋಗದ ಹಾಗೆ, ಒಳಗಿನ ಗ್ರೀಸ್ ಹೊರಗೆ ಬಾರದ ಹಾಗೆ. ಅದು ಡಸ್ಟ್ ಕ್ಯಾಪ್. ಎರಡಕ್ಕೂ ‘ನಡುಮುಚ್ಚಳ’ ಅಂತಲೇ ಬರೆದರೆ ಯಾರೋ ಒಬ್ಬರು ಸೆಂಟರ್ ಕ್ಯಾಪ್ ಬಿಡಿಸಿದ ಮೇಲೆ ಅದನ್ನೂ ಬಿಡಿಸುತ್ತಾರೆ. ಅದನ್ನು ಸುಮ್ಮನೆ ಮುಟ್ಟಬಾರದು. ಅದಕ್ಕೆ ಒಂದನ್ನು ‘ನಡುಮುಚ್ಚಳ’, ಇನ್ನೊಂದನ್ನು ‘ಬೇರಿಂಗ್ ಮುಚ್ಚಳ’ ಅಂತ ಬೇರೆ ಮಾಡಿದ್ದೇನೆ. ನಿಮಗೆ ಹಿತವಾದ ಬೇರೆ ಜೋಡಿ ಪದ ಇದ್ದರೆ ಹೇಳಿ.

ಕೈಬರಹ ಓದಿದ ಗೆಳೆಯರೊಬ್ಬರು ‘ಕಡೆಗೀಲು’ ಸೂಚಿಸಿದರು. ಚೆಂದದ ಹಳೆಯ ಪದ, ಬಿಡಲು ಮನಸ್ಸಾಗುವುದಿಲ್ಲ. ಆದರೆ ಬಂಡಿಯ ಗಾಲಿ ಅಚ್ಚಿನಿಂದ ಕಳಚಿ ಬೀಳದ ಹಾಗೆ ತಡೆಯುವುದು ಕಡೆಗೀಲು. ಸೆಂಟರ್ ಕ್ಯಾಪ್ ಏನನ್ನೂ ಹಿಡಿದಿಡುವುದಿಲ್ಲ. ಅದು ಬಿದ್ದುಹೋದರೂ ಚಕ್ರ ಅಲ್ಲೇ ಇರುತ್ತದೆ, ನಟ್ಟುಗಳೇ ಹಿಡಿದಿರುತ್ತವೆ. ಕಡೆಗೀಲು ಅಂತ ಬರೆದರೆ ಓದುಗರಿಗೆ ಸುಮ್ಮನೆ ಭಯ. ‘ನಾಭಿಮುಚ್ಚಳ’ ಅಂತಲೂ ಒಂದು ಸಲಹೆ ಬಂತು. ಚಕ್ರದ ನಡುಭಾಗಕ್ಕೆ ನಾಭಿ ಅನ್ನುವುದು ಸಂಸ್ಕೃತದಲ್ಲಿ ಸರಿಯೇ, ಇವತ್ತಿನ ಓದುಗರಿಗೆ ಮಾತ್ರ ಹೊಕ್ಕಳೇ ನೆನಪಾಗುವುದು.

‘ಬಿಲ್ಲೆ’ ನನಗೆ ಇಷ್ಟ. ಆದರೆ ಅದನ್ನು ಬೇರೆ ಕಡೆ ಬಳಸಬೇಕು. ಎಷ್ಟೋ ಕ್ಯಾಪ್‌ಗಳಲ್ಲಿ ಗುರುತಿನ ತೆಳು ತಗಡನ್ನು ಮೇಲೆ ಬೇರೆಯಾಗಿ ಅಂಟಿಸಿರುತ್ತಾರೆ. ಆಗ ಅಂಚಿನಲ್ಲಿ ಎರಡು ಸಂದಿ ಕಾಣುತ್ತವೆ, ಒಂದು ತಗಡಿಗೂ ಪ್ಲಾಸ್ಟಿಕ್ಕಿಗೂ ನಡುವೆ, ಇನ್ನೊಂದು ಪ್ಲಾಸ್ಟಿಕ್ಕಿಗೂ ಚಕ್ರಕ್ಕೂ ನಡುವೆ. ಒಳಗಿನ ಸಂದಿಗೆ ಉಪಕರಣ ಹಾಕಿದರೆ ತಗಡು ಸೊಟ್ಟಗಾಗಿ ಎದ್ದು ಬರುತ್ತದೆ, ಕ್ಯಾಪ್ ಅಲ್ಲೇ ಇರುತ್ತದೆ. ಆ ತಗಡಿಗೆ ಬಿಲ್ಲೆ, ಇಡೀ ಭಾಗಕ್ಕೆ ಮುಚ್ಚಳ. ಇದು ನನ್ನ ತೀರ್ಮಾನ, ಇದರಲ್ಲಿ ಜಾಸ್ತಿ ಗೊಂದಲ ಇಲ್ಲ.

ಈಗ ಕ್ರಿಯಾಪದಕ್ಕೆ ಬರುತ್ತೇನೆ. ಮುಚ್ಚಳ ಹೇಗೆ ಕೂತಿದೆ ಅನ್ನುವುದರ ಮೇಲೆ ಕ್ರಿಯಾಪದ ಬದಲಾಗಬೇಕು ಅನ್ನುವುದು ನನ್ನ ವಾದ. ಕೆಲವು ಮುಚ್ಚಳಗಳಿಗೆ ತಿರುಪು ಇರುತ್ತದೆ ಅಥವಾ ಸಣ್ಣ ಸ್ಕ್ರೂ ಹಾಕಿರುತ್ತಾರೆ, ಅವನ್ನು ‘ಬಿಚ್ಚಬೇಕು’. ಕೆಲವು ಚಕ್ರದ ನಟ್ಟುಗಳ ಅಡಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಆ ನಟ್ಟುಗಳನ್ನು ಬಿಚ್ಚದೆ ಎಷ್ಟು ಎಳೆದರೂ ಬರುವುದಿಲ್ಲ, ಬಂದರೆ ಮುರಿದೇ ಬರುವುದು. ಕೆಲವಕ್ಕೆ ಮುಖದ ಮೇಲೆ ಸಣ್ಣ ತೂತು ಇಟ್ಟಿರುತ್ತಾರೆ, ಅದರೊಳಗೆ ತಂತಿಯ ಕೊಕ್ಕೆ ಹಾಕಿ ನೆಟ್ಟಗೆ ‘ಎಳೆಯಬೇಕು’. ಫೋಕ್ಸ್‌ವ್ಯಾಗನ್ ಕಾರುಗಳ ಉಪಕರಣದ ಚೀಲದಲ್ಲಿ ಇಂಥ ತಂತಿ ಕೊಕ್ಕೆ ಇರುವುದುಂಟು, ತುಂಬ ಜನ ಅದು ಯಾತಕ್ಕೆ ಅಂತ ತಿಳಿಯದೆ ಎತ್ತಿಟ್ಟಿರುತ್ತಾರೆ. ಇವೆಲ್ಲ ಸುಲಭ. ತೊಡಕು ಇರುವುದು ಎಲ್ಲಕ್ಕಿಂತ ಸಾಮಾನ್ಯವಾದ ಬಗೆಯಲ್ಲಿ: ಹಿಂದೆ ಪ್ಲಾಸ್ಟಿಕ್ ಹಲ್ಲುಗಳು, ಅವನ್ನು ಹೊರಕ್ಕೆ ಒತ್ತುವ ಒಂದು ತಂತಿಯ ಬಳೆ, ಚಕ್ರದ ತೂತಿನ ಒಳಗಿರುವ ಸಣ್ಣ ತೋಡಿಗೆ ಆ ಹಲ್ಲುಗಳು ಸಿಕ್ಕಿಕೊಂಡು ನಿಲ್ಲುತ್ತವೆ.

ಇದಕ್ಕೆ ‘ಕೀಳು’ ಖಂಡಿತ ಬೇಡ. ಕೀಳುವುದರಲ್ಲಿ ಒಂದೇ ಏಟಿಗೆ, ಜೋರಾಗಿ ಅನ್ನುವ ಅರ್ಥ ಸೇರಿಕೊಂಡಿದೆ. ಹಲ್ಲು ಕೀಳುತ್ತೇವೆ, ಮೊಳೆ ಕೀಳುತ್ತೇವೆ. ಕಿತ್ತದ್ದನ್ನು ಮತ್ತೆ ಅಲ್ಲೇ ಕೂರಿಸುವ ಯೋಚನೆ ಆ ಪದದಲ್ಲಿ ಇಲ್ಲ. ‘ಸನ್ನೆ ಹಾಕು’ ಅಂದರೆ ಬಂಡೆ ಉರುಳಿಸುವಷ್ಟು ಭಾರ. ‘ಎಬ್ಬಿಸು’ ಒಳ್ಳೆಯದೇ, ಆದರೆ ಯಾತರಿಂದ ಎಬ್ಬಿಸುವುದು ಅನ್ನುವುದು ಅದರಲ್ಲಿ ಬರುವುದಿಲ್ಲ. ‘ಮೀಟು’ ನನಗೆ ಎಲ್ಲಕ್ಕಿಂತ ಹತ್ತಿರ ಅನಿಸುತ್ತದೆ. ಮೀಟುಗೋಲು ಅನ್ನುವಲ್ಲಿ ಎತ್ತುವ ಅರ್ಥ ಇದೆ, ವೀಣೆ ಮೀಟುವಲ್ಲಿ ಹಗುರ ಕೈಯ ಅರ್ಥ ಇದೆ. ಇಲ್ಲಿ ಎರಡೂ ಬೇಕು. ಸೂಚನೆಯಲ್ಲಿ ‘ಸುತ್ತಲೂ ಸ್ವಲ್ಪ ಸ್ವಲ್ಪವೇ ಮೀಟಿ’ ಅಂತ ಬರೆದರೆ ಏನು ಮಾಡಬೇಕು ಅನ್ನುವುದು ಕೈಗೇ ಗೊತ್ತಾಗುತ್ತದೆ ಅಂತ ನನಗನಿಸುತ್ತದೆ. ಬಿಗಿಯಾದ ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಸುತ್ತ ಸುತ್ತ ಎಬ್ಬಿಸುತ್ತೇವಲ್ಲ, ಅದೇ ಕ್ರಮ. ಒಂದೇ ಕಡೆ ಪೂರ್ತಿ ಎತ್ತಿದರೆ ಎದುರಿನ ಹಲ್ಲುಗಳು ಮುರಿಯುತ್ತವೆ.

ಇಲ್ಲಿ ಇನ್ನೊಂದು ಪದ ಬೇಕಾಗಿದೆ. ಮೀಟುವಾಗ ಚಕ್ರಕ್ಕೆ ಪೆಟ್ಟಾಗುವುದು ಉಪಕರಣದ ತುದಿಯಿಂದಲ್ಲ. ಅದರ ಬೆನ್ನು ಚಕ್ರದ ಮೇಲೆ ಎಲ್ಲಿ ಊರಿ ನಿಂತಿರುತ್ತದೋ ಆ ಜಾಗದಲ್ಲಿ, ಯಾಕೆಂದರೆ ಒತ್ತಡ ಎಲ್ಲ ಬಂದು ಬೀಳುವುದು ಅಲ್ಲಿಗೆ. ಆ ಜಾಗಕ್ಕೆ ನಾನು ‘ಆನಿಕೆ’ ಅಂತ ಬರೆದಿದ್ದೇನೆ. ‘ಆನಿಕೆಯ ಕೆಳಗೆ ದಪ್ಪ ಬಟ್ಟೆ ಅಥವಾ ಪ್ಲಾಸ್ಟಿಕ್ ಕಾರ್ಡ್ ಇಡಿ, ಸುತ್ತಲಿನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ.’ ಇದು ಓದುಗರಿಗೆ ತಟ್ಟನೆ ತಿಳಿಯುತ್ತದಾ? ‘ಊರುವ ಜಾಗ’ ಅಂದರೆ ಇನ್ನೂ ಸುಲಭವಾ? ಉಪಕರಣಕ್ಕೂ ಹೆಸರು ಬೇಕು. ಕಾರಿನ ಒಳಗಿನ ಪ್ಯಾನೆಲ್ ಬಿಡಿಸಲು ಬಳಸುವ ಅಗಲ ಬಾಯಿಯ ಪ್ಲಾಸ್ಟಿಕ್ ಪಟ್ಟಿ ಇದಕ್ಕೆ ಸರಿಯಾದದ್ದು. ಅದು ಅಲ್ಯೂಮಿನಿಯಂಗಿಂತ ಮೆದು, ಹಾಗಾಗಿ ಸವೆದರೆ ಅದೇ ಸವೆಯುತ್ತದೆ. ‘ಮೀಟುಪಟ್ಟಿ’ ಅಂತ ಬರೆಯಲಾ?

‘ಹಠಮಾರಿ ಮುಚ್ಚಳ’ ಅಂತ ಒಂದು ಕಡೆ ನೋಡಿದೆ, ಹಿಡಿಸಲಿಲ್ಲ. ‘ಮೊಂಡು’ ಅಂದರೆ ಹರಿತ ಇಲ್ಲದ್ದು ಅಂತಲೂ ಆಗುತ್ತದೆ. ‘ಕಚ್ಚಿಕೊಂಡ’ ಅನ್ನುವುದೇ ಸಹಜ. ಆದರೆ ಯಾಕೆ ಕಚ್ಚಿಕೊಂಡಿದೆ ಅನ್ನುವುದನ್ನೂ ಹೇಳಬೇಕಲ್ಲ, ಅಲ್ಲಿ ನಮ್ಮ ಪದಕೋಶ ಕೈಕೊಡುತ್ತಿದೆ. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಅಲ್ಯೂಮಿನಿಯಂ ಮೇಲೆ ಬೆಳೆಯುವ ಬಿಳಿ ಪುಡಿಗೆ ಏನು? ತೂತಿನ ಒಳಮೈಯಲ್ಲಿ ಬಣ್ಣ ಹೋದ ಕಡೆ ಅಲ್ಯೂಮಿನಿಯಂಗೆ ನೀರು, ಉಪ್ಪು ತಗುಲಿ ಆ ಪುಡಿ ಬರುತ್ತದೆ. ಉಕ್ಕಿನ ತಂತಿಬಳೆ ಅದಕ್ಕೆ ತಾಗಿಕೊಂಡಿದ್ದರೆ ಇನ್ನೂ ಬೇಗ, ಯಾಕೆಂದರೆ ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಪುಡಿ ಲೋಹಕ್ಕಿಂತ ಜಾಸ್ತಿ ಜಾಗ ಹಿಡಿಯುವುದರಿಂದ ಮುಚ್ಚಳ ಬಿಗಿಯುತ್ತ ಹೋಗುತ್ತದೆ. ಜೊತೆಗೆ ಬ್ರೇಕಿನ ಕರಿ ಧೂಳೂ ಸಂದಿಯಲ್ಲಿ ಕೂತು ಗಟ್ಟಿಯಾಗುತ್ತದೆ. ಇದನ್ನು ‘ತುಕ್ಕು’ ಅಂದರೆ ಓದುಗರು ಕೆಂಪು ಬಣ್ಣ ಹುಡುಕುತ್ತಾರೆ. ‘ಬಿಳಿತುಕ್ಕು’ ಅನ್ನೋಣ ಅಂದರೆ ಸತು ಲೇಪನದ ಮೇಲೆ ಬರುವುದಕ್ಕೆ ಆ ಹೆಸರು ಈಗಾಗಲೇ ಬಳಕೆಯಲ್ಲಿದೆ. ಸದ್ಯ ‘ಬಿಳಿ ಪುಡಿ’ ಅಂತಲೇ ಬಿಟ್ಟಿದ್ದೇನೆ. ಲೋಹದ ಕೆಲಸ ಬಲ್ಲವರು ಯಾರಾದರೂ ಹೇಳಬೇಕು.

ಪ್ಲಾಸ್ಟಿಕ್ಕಿನ ಸ್ವಭಾವಕ್ಕೂ ಒಂದು ಪದ ಬೇಕು. ಈ ಮುಚ್ಚಳಗಳು ಹೆಚ್ಚಾಗಿ ಎಬಿಎಸ್ ಅನ್ನುವ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ (ಬ್ರೇಕಿನ ಎಬಿಎಸ್ ಅಲ್ಲ). ಚಳಿಯಲ್ಲಿ ಹಲ್ಲುಗಳು ಬಾಗದೆ ಪಟ್ಟನೆ ಮುರಿಯುತ್ತವೆ. ಹಳೆಯದಾದರೂ ಅಷ್ಟೇ. ‘ಪೆಡಸು’ ಅಂತ ಬರೆದಿದ್ದೇನೆ. ಅದಕ್ಕೇ ಮೀಟುವ ಮೊದಲು ಬಿಸಿನೀರು ಹುಯ್ಯುವುದು ಅಥವಾ ಹೇರ್ ಡ್ರೈಯರ್ ಹಿಡಿಯುವುದು ಒಳ್ಳೆಯದು, ಮುಟ್ಟಿದರೆ ಬೆಚ್ಚಗೆ ಅನಿಸುವಷ್ಟು ಸಾಕು. ಬಣ್ಣ ಸುಲಿಯಲು ಬಳಸುವ ಹೀಟ್ ಗನ್ ಬೇಡ, ಮುಚ್ಚಳವೂ ಸೊಟ್ಟಗಾಗುತ್ತದೆ, ಲ್ಯಾಕರೂ ಹಾಳಾಗುತ್ತದೆ. ತೆಳು ಎಣ್ಣೆಯನ್ನು ಸಂದಿಗೆ ಬಿಟ್ಟು ಕಾಯಬಹುದು, ಆದರೆ ನಾಲ್ಕೇ ಹನಿ, ಯಾಕೆಂದರೆ ಅದು ಹಿಂದೆ ಇಳಿದು ಬ್ರೇಕ್ ಡಿಸ್ಕ್ ಮೇಲೆ ಹರಡಿದರೆ ಬ್ರೇಕ್ ಹಿಡಿಯುವುದಿಲ್ಲ. ಥಿನ್ನರ್, ಅಸಿಟೋನ್ ಅಂತೂ ಹತ್ತಿರ ತರಬಾರದು. ಎಬಿಎಸ್ ಅದರಲ್ಲಿ ಕರಗಿ ಅಂಟಾಗುತ್ತದೆ.

ಇಷ್ಟಾದರೂ ಬಾರದಿದ್ದರೆ ಮುಂದಿನಿಂದ ಮೀಟುವುದನ್ನು ಬಿಟ್ಟುಬಿಡಬೇಕು. ನನ್ನ ಪ್ರಕಾರ ಮೊದಲೇ ಬಿಟ್ಟರೂ ನಷ್ಟ ಇಲ್ಲ. ಮೀಟಲು ಸಂದಿಯೇ ಇಲ್ಲದ ಹಾಗೆ ಚಕ್ರದ ಮುಖಕ್ಕೆ ಸಮನಾಗಿ ಕೂತ ಮುಚ್ಚಳಗಳೂ ಇವೆ, ಅವನ್ನು ಹಿಂದಿನಿಂದಲೇ ತಳ್ಳಬೇಕು. ಚಕ್ರ ಬಿಚ್ಚುವ ಕೆಲಸ ಜಾಸ್ತಿ ಅನಿಸಬಹುದು, ಆದರೆ ಹಿಂದಿನಿಂದ ಕೈ ಹಾಕಿದರೆ ಚಕ್ರದ ಮುಖಕ್ಕೆ ಉಪಕರಣ ತಾಗುವ ಪ್ರಶ್ನೆಯೇ ಬರುವುದಿಲ್ಲ. ನಟ್ಟುಗಳನ್ನು ಕಾರು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಬೇಕು. ಚಕ್ರವನ್ನು ಬಟ್ಟೆ ಸುತ್ತಿದ ಎರಡು ಮರದ ತುಂಡುಗಳ ಮೇಲೆ ಬೋರಲು ಮಲಗಿಸಿದರೆ ಮುಚ್ಚಳ ಕೆಳಗೆ ಬೀಳಲು ಜಾಗ ಸಿಗುತ್ತದೆ. ಹಲ್ಲುಗಳನ್ನು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದು ಅಂಚಿನ ಹತ್ತಿರ ಮರದ ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟಬೇಕು. ನಡುವೆ ತಟ್ಟಿದರೆ ಬಿಲ್ಲೆ ಉಬ್ಬುತ್ತದೆ ಅಥವಾ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಈ ಕೆಲಸಕ್ಕೆ ‘ದೂಡು’, ‘ತಳ್ಳು’, ‘ನೂಕು’, ‘ತಟ್ಟು’ ಎಲ್ಲ ಇವೆ. ‘ಬಡಿ’ ಬೇಡ ಅನ್ನುವುದರಲ್ಲಿ ಅನುಮಾನ ಇಲ್ಲ. ‘ನೂಕು’ ಅಂದರೆ ಇಡೀ ಮೈ ಹಾಕಿದ ಹಾಗೆ. ‘ತಟ್ಟಿ ದೂಡಿ’ ಅಂತ ಜೋಡಿಸಿದರೆ ಅಳತೆ ಸರಿಯಾಗುತ್ತದೆ ಅನಿಸಿದೆ. ಬಾಗಿಲು ತಟ್ಟುವಷ್ಟೇ ಜೋರು ಅನ್ನುವುದು ‘ತಟ್ಟು’ವಿನಲ್ಲೇ ಇದೆ ಅಲ್ವಾ?

ಇನ್ನೊಂದು ಜೋಡಿ ಪದದ ಬಗ್ಗೆಯೂ ಕೇಳಬೇಕು. ಹೊಸ ಮುಚ್ಚಳ ತರುವಾಗ ಜನ ಹಬ್ ಕೂರುವ ತೂತಿನ ಅಳತೆ ಹೇಳಿ ಮೋಸ ಹೋಗುತ್ತಾರೆ. ಫೋಕ್ಸ್‌ವ್ಯಾಗನ್‌ನ ಬಹಳಷ್ಟು ಕಾರುಗಳಲ್ಲಿ ಆ ತೂತು 57.1 ಮಿ.ಮೀ., ಬಿಎಂಡಬ್ಲ್ಯುವಿನ ಹಲವು ಕಾರುಗಳಲ್ಲಿ 72.6 ಮಿ.ಮೀ. ಆದರೆ ಅದು ಚಕ್ರದ ಹಿಂಬದಿಯ ಅಳತೆ. ಮುಚ್ಚಳ ಕೂರುವ ಮುಂಬದಿಯ ತೂತು ಅಷ್ಟೇ ಇರಬೇಕು ಅಂತೇನಿಲ್ಲ. ‘ಹಬ್ ತೂತು’, ‘ಮುಚ್ಚಳದ ತೂತು’ ಅಂತ ಬೇರೆ ಮಾಡಿದ್ದೇನೆ. ಮುಚ್ಚಳವನ್ನೂ ಎರಡು ಕಡೆ ಅಳೆಯಬೇಕು: ಹೊರಮುಖದ ಅಗಲ ಒಂದು, ಹಲ್ಲುಗಳ ತುದಿಯಿಂದ ತುದಿಗೆ ಇನ್ನೊಂದು. ಎರಡನೆಯದಕ್ಕೆ ‘ಹಲ್ಲಳತೆ’ ಅಂತ ಬರೆದೆ, ಓದುವಾಗ ನಾಲಿಗೆ ತೊಡರುತ್ತದೆ.

ಮತ್ತೆ ಹಾಕುವುದಕ್ಕೆ ‘ಕೂರಿಸು’ ಅಂತಲೇ ಇಟ್ಟಿದ್ದೇನೆ, ಅದಕ್ಕಿಂತ ಒಳ್ಳೆಯ ಪದ ಬೇಕಿಲ್ಲ. ತೂತಿನ ಒಳಮೈಯನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ ಪುಡಿ ತೆಗೆದು, ಹಲ್ಲುಗಳಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ಅಂಗೈಯಿಂದ ಸುತ್ತಲೂ ಸಮವಾಗಿ ಒತ್ತಿದರೆ ಟಕ್ ಅಂತ ಕೂರುತ್ತದೆ. ಗ್ರೀಸ್ ನಟ್ಟುಗಳಿಗಾಗಲಿ ಬೋಲ್ಟುಗಳಿಗಾಗಲಿ ಸೋಕಬಾರದು, ಯಾಕೆಂದರೆ ಆಗ ಕಾರಿನ ಕೈಪಿಡಿಯಲ್ಲಿ ಹೇಳಿದ ಬಿಗಿತದ ಲೆಕ್ಕ ತಪ್ಪುತ್ತದೆ.

ಕೈಬರಹದಲ್ಲಿ ಸದ್ಯ ಇರುವ ವಾಕ್ಯಗಳನ್ನು ಕೆಳಗೆ ಕೊಟ್ಟಿದ್ದೇನೆ. ದಾಕ್ಷಿಣ್ಯ ಇಟ್ಟುಕೊಳ್ಳದೆ ತಿದ್ದಿ.

‘ಮೊದಲು ಮುಚ್ಚಳ ಹೇಗೆ ಕೂತಿದೆ ಅಂತ ನೋಡಿ. ಸ್ಕ್ರೂ ಇದ್ದರೆ ಬಿಚ್ಚಿ, ತೂತು ಇದ್ದರೆ ಕೊಕ್ಕೆ ಹಾಕಿ ಎಳೆಯಿರಿ. ಎರಡೂ ಇಲ್ಲದಿದ್ದರೆ ಮುಚ್ಚಳವನ್ನು ಬೆಚ್ಚಗೆ ಮಾಡಿ, ಅಂಚಿಗೆ ಟೇಪ್ ಅಂಟಿಸಿ, ಆನಿಕೆಗೆ ಬಟ್ಟೆ ಕೊಟ್ಟು, ಮೀಟುಪಟ್ಟಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಮೀಟಿ. ಅಲುಗದಿದ್ದರೆ ಜೋರು ಮಾಡಬೇಡಿ. ಚಕ್ರ ಬಿಚ್ಚಿ, ಹಿಂದಿನಿಂದ ಹಲ್ಲುಗಳನ್ನು ಒತ್ತಿ ಹಿಡಿದು, ಮುಚ್ಚಳ ಸಡಿಲುವವರೆಗೆ ಅಂಚಿನಲ್ಲಿ ತಟ್ಟಿ ದೂಡಿ.’

ಕೊನೆಯ ವಾಕ್ಯದಲ್ಲಿ ‘ಸಡಿಲುವವರೆಗೆ’ ಸರಿಯಾ, ‘ಸಡಿಲವಾಗುವವರೆಗೆ’ ಬೇಕಾ? ‘ಸಡಿಲು’ವನ್ನು ಕ್ರಿಯಾಪದವಾಗಿ ಮಾತಿನಲ್ಲಿ ಈಗಲೂ ಬಳಸುವವರು ಇದ್ದರೆ ಒಂದೆರಡು ವಾಕ್ಯ ಬರೆದು ಕಳಿಸಿ.