ಮನೆ ಅಳಿಯನಾದ ಹಸಿರು

ವಾಕಿಂಗ್ ಮುಗಿಸಿ ಹೋಟೆಲಿಗೆ ಬಂದ ಸೀನ ಜೇಬಿನಿಂದ ಪುಟ್ಟ ಬಾಟಲಿ ತೆಗೆದು ನೀರಿನ ಲೋಟಕ್ಕೆ ನಾಲ್ಕು ಹನಿ ಬಿಟ್ಟ. ನೀರು ಕೆರೆ ಪಾಚಿಯ ಬಣ್ಣಕ್ಕೆ ತಿರುಗಿತು.

"ಕ್ಲೋರೋಫಿಲ್ ಕಣ್ರೀ, ಎಲೆಯ ಹಸಿರು. ನೇರ ಸೂರ್ಯಶಕ್ತಿ!"

"ಹಾಗಾದ್ರೆ ಇಡ್ಲಿ ಬೇಡ ಬಿಡು. ಹೊರಗೆ ಬಿಸಿಲಲ್ಲಿ ನಿಂತ್ಕೋ," ಎಂದರು ಮೇಷ್ಟ್ರು.

"ಗಿಡಕ್ಕಾಗೋದು ನನಗ್ಯಾಕಾಗಲ್ಲ?"

"ಬಣ್ಣ ಕುಡಿದರೆ ಅಡುಗೆ ಆಗುತ್ತೇನೋ? ಎಲೆಯೊಳಗೆ ಅಡುಗೆ ಮಾಡೋನು ಕ್ಲೋರೋಪ್ಲಾಸ್ಟು. ಅವನೂ ಗಿಡದ ಸ್ವಂತ ಮಗ ಅಲ್ಲ. 100 ಕೋಟಿ ವರ್ಷಕ್ಕೂ ಹಿಂದೆ ಒಂದು ಜೀವಕೋಶ ಬಿಸಿಲಲ್ಲಿ ಅಡುಗೆ ಮಾಡ್ಕೊಳ್ಳೋ ಒಂದು ಸಯನೋಬ್ಯಾಕ್ಟೀರಿಯಾನ ನುಂಗಿತು, ಅರಗಲಿಲ್ಲ. ನುಂಗಿಸಿಕೊಂಡವನು ಒಳಗೇ ಕೂತು ಬಿಸಿಲಲ್ಲಿ ಸಕ್ಕರೆ ಮಾಡಿಕೊಡೋಕೆ ಶುರು ಮಾಡಿದ. ಒಟ್ಟಿನಲ್ಲಿ ಮನೆ ಅಳಿಯ."

ರಾಜಣ್ಣ ಕಾಫಿ ಲೋಟ ಕೆಳಗಿಟ್ಟ.

"ದಿನಾ ನುಂಗ್ತಾ ಇದ್ರೆ ನನಗೂ ಒಂದಿನ ಅರಗದೇ ಉಳೀಬಹುದು, ಅಲ್ವಾ?" ಸೀನ ಬಿಡಲಿಲ್ಲ.

"ನಮಗೆ ಗೊತ್ತಿರೋ ಹಾಗೆ ಇದು ಗಟ್ಟಿಯಾಗಿ ಕೈಗೂಡಿದ್ದು ಎರಡೇ ಸಲ. ಎರಡನೇದು ಪಾಲಿನೆಲ್ಲಾ ಅನ್ನೋ ಅಮೀಬಾಕ್ಕೆ, ಸುಮಾರು 10 ಕೋಟಿ ವರ್ಷದ ಹಿಂದೆ. ನಿನಗೋ, ಹೋಟೆಲ್ ಬೋಂಡಾ ಕೂಡ ಅರಗಿಬಿಡುತ್ತೆ. ಅದೇ ನಿನ್ನ ದುರದೃಷ್ಟ."

"ಸುಮ್ನೆ ಕತೆ ಕಟ್ತೀರಿ."

"1905ರಲ್ಲಿ ರಷ್ಯಾದ ವಿಜ್ಞಾನಿ ಮೆರೆಷ್ಕೋವ್ಸ್ಕಿ ಇದನ್ನೇ ಹೇಳಿದಾಗಲೂ ಜನ ಹೀಗೇ ಅಂದ್ರು. ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಮತ್ತೆ ಬರೆದಳು. 15ರಷ್ಟು ಪತ್ರಿಕೆಗಳು ವಾಪಸ್ ಕಳಿಸಿದ ಮೇಲೆ 1967ರಲ್ಲಿ ಅಚ್ಚಾಯಿತು. ನಿನ್ನ ಹನಿಗಳಿಗೆ ಮಾತ್ರ ಎರಡು ನಿಮಿಷದ ವಿಡಿಯೋ ಸಾಕಾಯ್ತು ನೋಡು."

ಶಾಮಣ್ಣ ವಡೆ ಮುರಿಯುತ್ತಾ ಕೇಳಿದ, "ಅಷ್ಟು ದುಡಿಯೋ ಅಳಿಯ ಬೇರೆ ಮನೆ ಮಾಡಬಹುದಿತ್ತಲ್ಲ?"

"ಹೆಂಗೆ ಮಾಡ್ತಾನೆ? ಬರುವಾಗ ಸಾವಿರಾರು ಜೀನ್ ತಂದಿದ್ದ, ಅಂದ್ರೆ ಪ್ರೋಟೀನ್ ಮಾಡೋ ಸೂತ್ರಗಳು. ಎಷ್ಟೋ ಕಳೆದುಹೋದವು. ಉಳಿದದ್ದರಲ್ಲಿ ಜಾಸ್ತಿ ಪಾಲು ಮಾವನ ಬೀರು ಸೇರಿತು, ಅಂದ್ರೆ ಜೀವಕೋಶದ ನಡುವಿನ ನ್ಯೂಕ್ಲಿಯಸ್ಸು. ಈಗ ಅವನಿಗೆ ಬೇಕಾದ ಪ್ರೋಟೀನೆಲ್ಲ ಹೆಚ್ಚುಕಡಿಮೆ ಮಾವನ ಕಡೆಯಿಂದಲೇ ಬರಬೇಕು. ಒಂದೊಂದರ ತುದಿಗೂ ಒಂದು ಚೀಟಿ ಇರುತ್ತೆ, ಬಾಗಿಲಲ್ಲಿ ಅದನ್ನು ನೋಡಿ ಒಳಗೆ ಬಿಡ್ತಾರೆ. ಒಳಗೆ ಹೋದ ಮೇಲೆ ಚೀಟಿ ಕತ್ತರಿಸಿಬಿಡ್ತಾರೆ, ಹಳೇ ಟಾಕೀಸಿನ ಥರಾ."

"ಅಳಿಯನ ಕೈಯಲ್ಲಿ ಏನೂ ಇಲ್ವಾ ಹಾಗಾದ್ರೆ?" ಇದು ರಾಜಣ್ಣ. ಮಾವನ ಮನೆಗೆ ಹೋಗಿ ಅವನಿಗೆ 22 ವರ್ಷ.

"ನೂರು ಚಿಲ್ಲರೆ ಜೀನ್ ಇಟ್ಕೊಂಡಿದ್ದಾನೆ. ಅದರಲ್ಲಿ ಒಂದಷ್ಟು ಒಲೆ ಕೆಲಸದ್ದೇ. ಎಷ್ಟು ಕೋಟಿ ವರ್ಷ ಆದ್ರೂ ಅವನ್ನು ಬಿಟ್ಟುಕೊಟ್ಟಿಲ್ಲ."

ರಾಜಣ್ಣ ತಣ್ಣಗಾದ ಕಾಫಿಯ ಕೆನೆಯನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿದ. "ಅಟ್ಟದ ಮೇಲೆ ನನ್ನದೊಂದು ಟ್ರಂಕಿದೆ. ಅಪ್ಪನ ಕೋಟು, ಊರಿನ ಸ್ಕೂಲಿನ ಟಿ.ಸಿ., ಒಂದು ಬುಗುರಿ. ಪ್ರತಿ ದೀಪಾವಳಿಗೂ ಗುಜರಿಗೆ ಹಾಕೋಣ ಅಂತಾರೆ. ನಾನೇ ಕೊಟ್ಟಿಲ್ಲ."

ಸೀನ ತನ್ನ ಲೋಟ ನೋಡಿದ, ರಾಜಣ್ಣನ ಮುಖ ನೋಡಿದ.

"ಟ್ರಂಕು ಯಾವ ಬಣ್ಣ?"

"ಹಸಿರೇ ಕಣೋ. ಈಗ ತುಕ್ಕೇ ಜಾಸ್ತಿ."