ಸ್ಪಿಟ್‌ಫೈರ್ ಮಾರ್ಕ್ 3: ಸಂಪಾಜೆ ಘಾಟಿ ಇಳಿಯುವಾಗ ಎಡಕ್ಕೆ ಎಳೆತ, ಸ್ಟೇರಿಂಗ್ ಬಿಗಿ

ಕಾಫಿತೋಟ68
ಕಾರು 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3, ಬಲಗೈ ಸ್ಟೇರಿಂಗ್. ಮುಂದೆ ಗರ್ಲಿಂಗ್ ಡಿಸ್ಕ್, ಹಿಂದೆ ಡ್ರಮ್, ಬ್ರೇಕ್ ಒತ್ತಲು ನೆರವಾಗುವ ಸರ್ವೋ ಇಲ್ಲ. ಮಳೆಗಾಲ ಪೂರ್ತಿ ಮಡಿಕೇರಿಯ ಶೆಡ್ಡಿನಲ್ಲಿ ನಿಂತಿತ್ತು. ಈಗ ಸಂಪಾಜೆ ಕಡೆಗೆ ಇಳಿದರೆ ಕಾರು ಎಡಕ್ಕೆ ಎಳೆಯುತ್ತದೆ, ಎಡಗಡೆ ಮುಂದಿನ ರಿಮ್ ಕೈ ಇಡಲಾಗದಷ್ಟು ಬಿಸಿ. ತಿರುವು ದಾಟಿದ ಮೇಲೆ ಮೊದಲ ಸಲ ಒತ್ತಿದರೆ ಪೆಡಲ್ ತೀರಾ ಕೆಳಗೆ ಹೋಗುತ್ತದೆ, ಎರಡನೇ ಸಲ ಸರಿಯಾಗಿ ಸಿಗುತ್ತದೆ. ಘಾಟಿಯ ಬುಡ ತಲುಪುವಷ್ಟರಲ್ಲಿ ಪೆಡಲ್ ಮೆತ್ತಗಾಗಿರುತ್ತದೆ, ಮರುದಿನ ಮತ್ತೆ ಗಟ್ಟಿ. ಸ್ಟೇರಿಂಗ್ ಬಿಗಿ, ತಿರುಗಿಸಿ ಬಿಟ್ಟರೆ ತಾನಾಗಿ ನೇರಕ್ಕೆ ಬರುವುದಿಲ್ಲ. ಹೋದ ಸರ್ವಿಸ್‌ನಲ್ಲಿ ಮುಂಭಾಗಕ್ಕೆಲ್ಲ ಗ್ರೀಸ್ ಹೊಡೆಸಿದ್ದೇನೆ, ಟ್ರನಿಯನ್‌ಗೂ ಸೇರಿ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ನೂಕುವ ಮಾಸ್ಟರ್ ಸಿಲಿಂಡರಿನಿಂದ ಶುರು ಮಾಡಲೇ?

ಇಪಿ_ತೊಂಬತ್ತು
ಬ್ರೇಕ್ ಆಮೇಲೆ. ಟ್ರನಿಯನ್‌ಗೂ ಗ್ರೀಸ್ ಅಂದಿರಲ್ಲ, ಅದು ಮೊದಲು.

ಈ ಕಾರಿನಲ್ಲಿ ವರ್ಟಿಕಲ್ ಲಿಂಕಿನ (ಮುಂದಿನ ಚಕ್ರವನ್ನು ಹೊರುವ ನೆಟ್ಟನೆಯ ಉಕ್ಕಿನ ತುಂಡು) ಕೆಳತುದಿಗೆ ಥ್ರೆಡ್ ಇದೆ. ಅದು ಕಂಚಿನ ಟ್ರನಿಯನ್ ಒಳಗೆ ತಿರುಗುತ್ತದೆ, ಸ್ಟೇರಿಂಗ್ ತಿರುಗುವುದೂ ಆ ಥ್ರೆಡ್ ಮೇಲೆಯೇ. ಕಂಪನಿ ಹೇಳಿದ್ದು ಇಪಿ 90 ಗೇರ್ ಆಯಿಲ್, ಗ್ರೀಸ್ ಅಲ್ಲ. ಆಯಿಲ್ ಕೆಳಗಿನ ಗುಂಡಿಯಲ್ಲಿ ನಿಂತು ಥ್ರೆಡ್ಡಿಗೆಲ್ಲ ಹರಡುತ್ತದೆ, ನೀರನ್ನು ಹೊರಗಿಡುತ್ತದೆ. ಗ್ರೀಸ್ ಅಷ್ಟು ಸಣ್ಣ ಸಂದಿಗೆ ಇಳಿಯುವುದಿಲ್ಲ. ಕಾಲಕ್ರಮೇಣ ಗಟ್ಟಿಯಾಗಿ ದಾರಿಯನ್ನೇ ಮುಚ್ಚುತ್ತದೆ. ಮೇಲಿನ ರಬ್ಬರ್ ಸೀಲಿನಿಂದ ಇಳಿದ ಮಳೆನೀರು ಉಕ್ಕಿನ ಥ್ರೆಡ್ಡಿನ ಬುಡದಲ್ಲಿ ಕೂತು ತುಕ್ಕು ತಿನ್ನಿಸುತ್ತದೆ, ತುಕ್ಕಿನ ಕಚ್ಚಿನಿಂದ ಬಿರುಕು ಹುಟ್ಟುತ್ತದೆ. ಒಂದು ದಿನ ಲಿಂಕ್ ಮುರಿದು ಚಕ್ರ ಅಡಿಗೆ ಮಡಚಿಕೊಳ್ಳುತ್ತದೆ. ಸ್ಟೇರಿಂಗ್ ಬಿಗಿಯಾಗಿ ನೇರಕ್ಕೆ ಮರಳದಿರುವುದು ಅದರ ಮುನ್ಸೂಚನೆ.

ನಮ್ಮ ಕಡೆ ಎಲ್ಲರಿಗೂ ತೋಟದ ಜೀಪಿನ ಅಭ್ಯಾಸ, ನಿಪ್ಪಲ್ ಕಂಡಲ್ಲೆಲ್ಲ ಗ್ರೀಸ್ ಗನ್ ಇಡುತ್ತಾರೆ. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಬಿಚ್ಚಿ ಜೋಡಿಸಿದ ಹಳೇ ಮೆಕ್ಯಾನಿಕ್ ಸಿಕ್ಕರೆ ಅವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಎರಡೂ ಕಡೆ ಬಿಚ್ಚಿ. ಎಡಗಡೆ ಲಿಂಕಿನದ್ದು ಎಡ ಥ್ರೆಡ್ (ಉಲ್ಟಾ ತಿರುಗುತ್ತದೆ), ಬಲಗಡೆಯದ್ದು ಬಲ ಥ್ರೆಡ್, ಬಲವಂತ ಮಾಡುವ ಮುಂಚೆ ನೆನಪಿರಲಿ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಥ್ರೆಡ್ ಮುಗಿಯುವ ಮೇಲಂಚನ್ನು ಭೂತಗನ್ನಡಿಯಲ್ಲಿ ನೋಡಿ. ತುಕ್ಕಿನ ಗುಳಿ ಅಥವಾ ಅಡ್ಡಗೆರೆ ಕಂಡರೆ ಲಿಂಕ್ ಗುಜರಿಗೆ. ಕಣ್ಣಿಗೆ ಚೆನ್ನಾಗಿ ಕಂಡರೂ ಡೈ ಪೆನಿಟ್ರೆಂಟ್ (ಕಣ್ಣಿಗೆ ಕಾಣದ ಬಿರುಕು ತೋರಿಸುವ ಬಣ್ಣದ ದ್ರಾವಣ) ಹಚ್ಚಿ ಪರೀಕ್ಷಿಸಿ. ಹಳೇ ಗುಳಿಬಿದ್ದ ಲಿಂಕಿಗೆ ಹೊಸ ಟ್ರನಿಯನ್ ಹಾಕುವುದು ದುಡ್ಡು ದಂಡ.

ಜೋಡಿಸುವಾಗ ಟ್ರನಿಯನ್ನನ್ನು ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಒಂದು ಸುತ್ತು ಮೀರದಂತೆ ಹಿಂದಕ್ಕೆ ಬಿಡಿ. ಬಿಡದಿದ್ದರೆ ಸ್ಟೇರಿಂಗನ್ನು ಪೂರ್ತಿ ಲಾಕ್, ಅಂದರೆ ಕೊನೆಯವರೆಗೆ, ತಿರುಗಿಸಿದಾಗ ಥ್ರೆಡ್ ತಳ ತಾಗುತ್ತದೆ. ಚಕ್ರ ಎತ್ತಿದ ಸ್ಥಿತಿಯಲ್ಲಿ, ಸ್ಟೇರಿಂಗನ್ನು ಎರಡೂ ಕಡೆ ತಿರುಗಿಸುತ್ತಾ, ಮೇಲಿನ ಸೀಲಿನಿಂದ ಎಣ್ಣೆ ಒಸರುವವರೆಗೆ ಇಪಿ 90 ತುಂಬಿಸಿ. ಕಂಚು ಇರುವುದರಿಂದ ಜಿಎಲ್ 4 ದರ್ಜೆಯದ್ದೇ ತೆಗೆದುಕೊಳ್ಳಿ. ತುಂಬಿಸಿದ ಎಣ್ಣೆ ಒಂದೇ ರಾತ್ರಿಯಲ್ಲಿ ನೆಲಕ್ಕೆ ಬಿದ್ದರೆ ಟ್ರನಿಯನ್ ತಳದ ಮುಚ್ಚಳ ಸೋರುತ್ತಿದೆ ಎಂದರ್ಥ. ಕಂಪನಿಯ ಲೆಕ್ಕ 6,000 ಮೈಲಿಗೊಮ್ಮೆ. ಕೊಡಗಿನಲ್ಲಿ ಮೈಲಿ ಲೆಕ್ಕ ಬಿಡಿ, ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ.

ವಿಷ್‌ಬೋನ್ (ಚಕ್ರದ ಭಾಗವನ್ನು ಚಾಸಿಗೆ ಜೋಡಿಸುವ ತೋಳು) ಒಳಗಿನ ರಬ್ಬರ್ ಬುಷ್‌ಗಳ ಬೋಲ್ಟ್ ಸಡಿಲಿಸಿದರೆ, ಅಂತಿಮ ಬಿಗಿತ ಕಾರು ಚಕ್ರದ ಮೇಲೆ ನಿಂತು ಸೀಟಿನಲ್ಲಿ ಇಬ್ಬರ ಭಾರ ಇದ್ದಾಗ. ಚಕ್ರ ನೇತಾಡುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಸುಳ್ಯದ_ಸ್ಪ್ಯಾನರ್
ಮೇಲಿನವರು ಹೇಳಿದ್ದು ಸರಿ ಮಾರಾಯ್ರೆ, ಲಿಂಕ್ ನೋಡದೆ ಘಾಟಿಗೆ ಇಳಿಯಬೇಡಿ. ಬ್ರೇಕಿನಲ್ಲಿ ನಿಮ್ಮದು ಒಂದು ತೊಂದರೆ ಅಲ್ಲ, ಮೂರು. ಮಾಸ್ಟರ್ ಸಿಲಿಂಡರ್ ಸದ್ಯಕ್ಕೆ ಮುಟ್ಟಬೇಡಿ. ಅದರ ಸೀಲ್ ಹೋಗಿದ್ದರೆ ಪೆಡಲ್ ಒತ್ತಿ ಹಿಡಿದಾಗ ನಿಧಾನ ಕೆಳಗಿಳಿಯುತ್ತದೆ, ನೀವು ಹಾಗೆ ಹೇಳಿಲ್ಲ.

ತಿರುವಾದ ಮೇಲೆ ಮೊದಲ ಒತ್ತಿಗೆ ಉದ್ದ, ಎರಡನೆಯದಕ್ಕೆ ಸರಿ: ಇದು ವೀಲ್ ಬೇರಿಂಗ್ ಸಡಿಲದ ಲಕ್ಷಣ. ತಿರುವಿನಲ್ಲಿ ಹಬ್ (ಚಕ್ರ ಕೂರುವ ನಡುಭಾಗ) ಓಲಾಡಿ ಡಿಸ್ಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತದೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರು ಬ್ರೇಕ್ ಒತ್ತಲಿ. ಒತ್ತಿದಾಗ ಆಟ (ಸಡಿಲದ ಅಲುಗಾಟ) ನಿಂತರೆ ಬೇರಿಂಗ್. ಒತ್ತಿದರೂ ಉಳಿದರೆ ಟ್ರನಿಯನ್ ಬುಷ್ ಅಥವಾ ಮೇಲಿನ ಬಾಲ್ ಜಾಯಿಂಟ್. ಬೇರಿಂಗ್ ಹೊಂದಿಸಲು ಪ್ಯಾಡ್ ತೆಗೆದು, ಹಬ್ ತಿರುಗಿಸುತ್ತಾ ನಟ್ಟನ್ನು 5 ಪೌಂಡ್ ಅಡಿ, ಅಂದರೆ 7 ನ್ಯೂಟನ್ ಮೀಟರ್ ಆಸುಪಾಸು ಬಿಗಿದು, ಒಂದು ಮುಖದಷ್ಟು ಸಡಿಲಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಿ. 0.05ರಿಂದ 0.2 ಮಿಲಿಮೀಟರ್ ಆಟ ಇರಲೇಬೇಕು. ಹಿಂದಿನ ಡ್ರಮ್ ಅಡ್ಜಸ್ಟರ್ ಸಡಿಲ ಇದ್ದರೂ ಪೆಡಲ್ ಉದ್ದವಾಗುತ್ತದೆ, ಆದರೆ ಅದು ನೇರ ರಸ್ತೆಯಲ್ಲೂ ಗೊತ್ತಾಗುತ್ತದೆ.

ಬುಡದಲ್ಲಿ ಮೆತ್ತಗಾಗಿ ಮರುದಿನ ಗಟ್ಟಿಯಾಗುವುದು ಬ್ರೇಕ್ ಆಯಿಲ್ ಕುದಿಯುವುದರಿಂದ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲಿನ ಮಾನಕ 155 ಡಿಗ್ರಿ. ಡಾಟ್ 3ಕ್ಕೆ 205 ಮತ್ತು 140. ಮಡಿಕೇರಿಯ ಮಳೆಗಾಲದ ಗಾಳಿಗೆ ಹೇಳಬೇಕೇ? ಅದೂ ಬಿಡದೆ ಉಜ್ಜುವ ಚಕ್ರದ ಪಕ್ಕದಲ್ಲಿ. ಮೂರನೇ ಗೇರಿನಲ್ಲಿ ಇಳಿಯಿರಿ, ಓವರ್‌ಡ್ರೈವ್ (ಎಂಜಿನ್ ನಿಧಾನ ಓಡಿಸುವ ಹೆಚ್ಚುವರಿ ಗೇರ್) ಇದ್ದರೆ ಆಫ್.

ಎಳೆತ: ಒತ್ತಿರುವಾಗಲೋ, ಬಿಟ್ಟ ಮೇಲೋ? ಎಡ ಚಕ್ರ ಎತ್ತಿ ಪೆಡಲ್ ಒತ್ತಿ ಬಿಡಿ. ಚಕ್ರ ಹಿಡಿದುಕೊಂಡಿದ್ದರೆ ಮೊದಲು ರಬ್ಬರ್ ಹೋಸಿಗೆ ಮುಂಚಿನ ಲೋಹದ ಪೈಪಿನ ನಟ್ ಸಡಿಲಿಸಿ. ಬಿಟ್ಟಿತೋ, ಒತ್ತಡ ಮೇಲಿನಿಂದ ಹಿಂದಿರುಗುತ್ತಿಲ್ಲ, ಪೆಡಲ್ ಫ್ರೀ ಪ್ಲೇ ನೋಡಿ. ಬಿಡದಿದ್ದರೆ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬ್ಲೀಡ್ ನಿಪ್ಪಲ್ ತೆರೆಯಿರಿ. ಆಗ ಬಿಟ್ಟರೆ ಹೋಸ್ ಒಳಗೆ ಊದಿ ಮುಚ್ಚಿದೆ, ಆಗಲೂ ಬಿಡದಿದ್ದರೆ ಪಿಸ್ಟನ್ ತುಕ್ಕು.

ಕಾಫಿತೋಟ68
ಪೆಡಲ್ ಒತ್ತಿದ ಕ್ಷಣ ತುಸು ಬಲಕ್ಕೆ, ಬಿಟ್ಟ ಮೇಲೆ ಎಡಕ್ಕೆ. ಲೋಹದ ಪೈಪ್ ಸಡಿಲಿಸಿದರೆ ಬಿಡಲಿಲ್ಲ, ನಿಪ್ಪಲ್ ತೆರೆದ ಕೂಡಲೇ ಚಕ್ರ ತಿರುಗಿತು. ಚಕ್ರದ ಆಟ ಬ್ರೇಕ್ ಒತ್ತಿದಾಗ ನಿಲ್ಲುತ್ತದೆ. ಎಡ ಲಿಂಕಿನ ಥ್ರೆಡ್ ಮೇಲೆ ಕೆಂಪು ಪುಡಿ ಮತ್ತು ಸಣ್ಣ ಗುಳಿಗಳಿವೆ. ಸಿಲಿಕಾನ್ ಡಾಟ್ 5 ಹಾಕಿಬಿಟ್ಟರೆ ತೇವದ ಕಾಟ ತಪ್ಪುತ್ತದೆಯೇ?

ಸುಳ್ಯದ_ಸ್ಪ್ಯಾನರ್
ಹೋಸೇ. ನಿಮ್ಮ ಕಾಲಿನ ಬಲ ಆಯಿಲನ್ನು ಒಳಗೆ ನೂಕುತ್ತದೆ, ಸ್ವಲ್ಪ ತಡವಾಗಿ, ಎಡ ಚಕ್ರ ನಿಧಾನ ಹಿಡಿಯುತ್ತದೆ, ಅದಕ್ಕೇ ಮೊದಲು ಬಲಕ್ಕೆ. ಹಿಂದಕ್ಕೆ ಬರಲು ಸೀಲಿನ ಸಣ್ಣ ಎಳೆತವಷ್ಟೇ ಇರುವುದು, ಮುಚ್ಚಿದ ಹೋಸಿನಲ್ಲಿ ಅದು ಸಾಲದು. ನಾಲ್ಕೂ ಹೋಸ್ ಒಟ್ಟಿಗೆ ಬದಲಿಸಿ. ಮಾಸ್ಟರ್ ಸಿಲಿಂಡರ್ ಸಿಂಗಲ್ ಸರ್ಕ್ಯೂಟ್ (ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ದಾರಿ) ಆಗಿದ್ದರೆ ಒಂದು ಒಡೆದರೂ ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಕೊಳ್ಳುವಾಗ ಥ್ರೆಡ್ ನೋಡಿ: ಇದು 3/8 ಇಂಚಿನ ಯುಎನ್‌ಎಫ್, ಇಂಚಿಗೆ 24 ಎಳೆ. 10 ಎಂಎಂ ಮೆಟ್ರಿಕ್ ನೋಡಲು ಹಾಗೇ ಇರುತ್ತದೆ, ಬೆರೆಸಿದರೆ ಥ್ರೆಡ್ ಹಾಳು. ಹೋಸಿನ ಷಟ್ಕೋನವನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಲಾಕ್‌ನಟ್ ಮಾತ್ರ ತಿರುಗಿಸಿ, ಹೋಸ್ ತಿರುಚಬಾರದು. ಎರಡೂ ಲಾಕ್‌ಗೆ ತಿರುಗಿಸಿ, ಟೈರಿಗೆ ತಾಗುತ್ತದೆಯೇ ನೋಡಿ. ಬ್ಲೀಡಿಂಗ್ (ಆಯಿಲಿನ ಗಾಳಿ ಹೊರತೆಗೆಯುವುದು) ಹಿಂದಿನ ಎಡದಿಂದ ಶುರು, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

ಡಾಟ್ 5 ಬೇಡ. ಅದು ನೀರು ಹೀರುವುದಿಲ್ಲ ನಿಜ, ಆದರೆ ಒಳಸೇರಿದ ನೀರು ಕರಗದೆ ತಗ್ಗಿನಲ್ಲಿ, ಅಂದರೆ ಕ್ಯಾಲಿಪರಿನಲ್ಲೇ, ನಿಲ್ಲುತ್ತದೆ. ಅಲ್ಲೇ ತುಕ್ಕು, ಅಲ್ಲೇ 100 ಡಿಗ್ರಿ ದಾಟಿದರೆ ಆವಿ. ಡಾಟ್ 4 ಜೊತೆ ಬೆರೆಯುವುದೂ ಇಲ್ಲ. ವರ್ಷಕ್ಕೊಮ್ಮೆ ಮಳೆ ನಿಂತ ಮೇಲೆ ಸೀಲ್ ಒಡೆಯದ ಡಬ್ಬದ ಡಾಟ್ 4 ಹಾಕಿ, ಸಾಕು.

ಇಪಿ_ತೊಂಬತ್ತು
ಗುಳಿ ಇದ್ದರೆ ಲಿಂಕ್ ಮುಗಿಯಿತು, ಮರಳು ಕಾಗದದಿಂದ ಉಜ್ಜಿ ಮತ್ತೆ ಹಾಕುವ ಯೋಚನೆ ಬೇಡ. ಎಡ ಥ್ರೆಡ್ಡಿನ ಲಿಂಕ್ ಮತ್ತು ಟ್ರನಿಯನ್ ಜೋಡಿಯಾಗಿ ತರಿಸಿ, ನೈಲಾನ್ ಬುಷ್ ಮತ್ತು ಸೀಲ್ ಕಿಟ್ ಎರಡೂ ಕಡೆಗೆ. ಹಳೇ ಲಿಂಕಿನ ಸ್ಟಬ್ ಆಕ್ಸಲ್ (ಹಬ್ ಕೂರುವ ಗಿಡ್ಡ ಅಚ್ಚು) ಬಳಸುವುದಾದರೆ ಬೇರಿಂಗ್ ಕೂರುವ ಜಾಗದಲ್ಲಿ ಸವೆದ ಗೆರೆ ಇದೆಯೇ ಉಗುರಿನಿಂದ ಮುಟ್ಟಿ ನೋಡಿ. ಉಗುರು ಸಿಕ್ಕಿಕೊಂಡರೆ ಅದೂ ಹೊಸದು, ಇಲ್ಲವಾದರೆ ಬೇರಿಂಗ್ ಎಷ್ಟು ಹೊಂದಿಸಿದರೂ ಸಡಿಲ ಮರಳುತ್ತದೆ. ಎಲ್ಲ ಜೋಡಿಸಿದ ಮೇಲೆ ಟೋ ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಮುಖವಾಗಿರುವ ಅಳತೆ) ಅಳೆಸಿ, ರೇಡಿಯಲ್ ಟೈರಿಗೆ 0ರಿಂದ 1/16 ಇಂಚು. ಭಾಗ ಬರುವ ತನಕ ಕಾರು ಸ್ಟ್ಯಾಂಡ್ ಮೇಲೇ ಇರಲಿ, ಪೇಟೆಯೊಳಗೂ ಓಡಿಸಬೇಡಿ. ಈ ಲಿಂಕ್ ಮುರಿಯಲು ವೇಗ ಬೇಕಿಲ್ಲ, ಪಾರ್ಕಿಂಗ್‌ನಲ್ಲಿ ಪೂರ್ತಿ ಲಾಕ್ ತಿರುಗಿಸಿದರೂ ಸಾಕು.